ಹುಳದ ಬಣ್ಣ

೩ ಮಾರ್ಚ್ ೨೦೨೫, ಸೋಮವಾರ

ಶಿವಮೊಗ್ಗದ ಬಣ್ಣದ ಏಜೆಂಟ್ ಶಿವಮೂರ್ತಿ ನನ್ನನ್ನು ಕತ್ತೆ ಅಂದುಕೊಂಡಿದ್ದ. ಹಳೇ ಕೆಮಿಕಲ್ ಪುಡಿಯನ್ನೇ ಬೇರೆ ಡಬ್ಬಿಗೆ ತುಂಬಿ ನನ್ನ ತಲೆಗೆ ಕಟ್ಟಲು ನೋಡಿದ. ಹೋದ ವರ್ಷ ಗೋಬಿ ಮಂಚೂರಿಗೆ ಬಣ್ಣ ಹಾಕಬಾರದು ಅಂತ ಸರ್ಕಾರ ಹೇಳಿತಲ್ಲ, ಆವತ್ತಿನಿಂದ ಸಾಗರದಲ್ಲಿ ಯಾರಿಗೆ ಕೆಂಪು ತೋರಿಸಿದರೂ ಮೂಗು ಮುರಿಯುತ್ತಾರೆ. ನಮ್ಮ ಶರಬತ್ತನ್ನೂ ಬಿಟ್ಟಿಲ್ಲ.

"ಕೆಮಿಕಲ್ ಇಲ್ದಿರೋದು ಇದ್ರೆ ಕೊಡು. ಇಲ್ಲಾಂದ್ರೆ ಎದ್ದು ಹೋಗ್ತೀನಿ" ಅಂದೆ.

ಒಳಗಿನಿಂದ ಒಂದು ಡಬ್ಬಿ ತಂದ. "ಇದು ಹುಳದಿಂದ ತೆಗ್ದಿದ್ದು ಮಾರಾಯ. ಹೊರದೇಶದಲ್ಲಿ ಪಾಪಾಸುಕಳ್ಳಿ ಮೇಲೆ ಕೂರೋ ಹುಳ. ಒಣಗಿಸಿ ಪುಡಿ ಮಾಡ್ತಾರೆ. ಕೆಮಿಕಲ್ ಚೂರೂ ಇಲ್ಲ."

"ಹಂದೀದು ಏನಾದ್ರೂ ಇದ್ಯಾ? ಸರಾಯಿ?"

"ಹುಳ ಅಂದ್ನಲ್ಲೋ."

ಹುಳವಾದರೆ ಏನೀಗ. ನಮ್ಮನೆಯಲ್ಲಿ ಶೀತವಾದರೆ ಅಮ್ಮ ಹಲಸಿನ ಮರದಿಂದ ಚಗಳಿ ಗೂಡು ಇಳಿಸಿ, ಆ ಕೆಂಪಿರುವೆಗಳನ್ನು ಹುರಿದು, ಕಾಯಿ ಮೆಣಸು ಹಾಕಿ ಚಟ್ನಿ ಅರೆಯುತ್ತಾಳೆ. ಹೊಸನಗರದ ಕಡೆ ಅದನ್ನು ತಿನ್ನದವನು ಯಾರಿದ್ದಾನೆ? ಡಬ್ಬಿ ತಗೊಂಡು ಬಂದೆ. ಒಂದು ಚಿಟಿಕೆ ಹಾಕಿದರೆ ಇಡೀ ಪಾತ್ರೆ ಕೆಂಪು. ಎಷ್ಟು ಚಂದದ ಕೆಂಪು ಅಂದರೆ, ನಮ್ಮ ಶರಬತ್ತಿನ ಅಂಗಡಿಯ ಯಜಮಾನರು ಹಯಾತ್ ಸಾಬರು ನಲವತ್ತು ವರ್ಷದಲ್ಲಿ ಒಮ್ಮೆಯೂ ಅಂಥದ್ದು ಮಾಡಿರಲಿಲ್ಲ.

ಅವರಿಗೆ ಲಕ್ವಾ ಹೊಡೆದು ಹತ್ತು ದಿನ. ಬಲಗೈ, ಬಲಗಾಲು, ಅರ್ಧ ನಾಲಿಗೆ ಹೋಗಿದೆ. ಹೊಡೆಯುವುದೂ ಸರಿಯಾಗಿ ರಂಜಾನ್ ಉಪವಾಸದ ರೋಜಾ ತಿಂಗಳ ಬಾಗಿಲಲ್ಲೇ ಹೊಡೆಯಬೇಕಾ? ವರ್ಷದ ಶರಬತ್ತಿನಲ್ಲಿ ಮುಕ್ಕಾಲು ಪಾಲು ಖರ್ಚಾಗುವುದು ಈ ಮೂವತ್ತು ದಿನದಲ್ಲಿ. ಸಾಗರ, ಹೊಸನಗರ, ತೀರ್ಥಹಳ್ಳಿ, ಎಲ್ಲಾ ಕಡೆ ಅಂಗಡಿಯವರು ಫೋನ್ ಮಾಡಿ ಕೊಲ್ಲುತ್ತಿದ್ದಾರೆ. ಅವರ ಮಗಳು ರಿಹಾನಕ್ಕ ಅಪ್ಪನನ್ನು ನೋಡಿಕೊಳ್ಳಲು ಆನಂದಪುರದ ಗಂಡನ ಮನೆಯಿಂದ ಬಂದಿದ್ದಾಳೆ. ಅಂಗಡಿ ನನ್ನೊಬ್ಬನ ತಲೆ ಮೇಲೆ. ಬರುವವರೆಲ್ಲ ಬುದ್ಧಿ ಹೇಳಿ ಹೋಗುತ್ತಾರೆ. ಒಬ್ಬನೂ ಒಂದು ಬಾಟಲಿ ತೊಳೆದು ಕೊಡುವುದಿಲ್ಲ.

೬ ಮಾರ್ಚ್, ಗುರುವಾರ

ಸಂಜೆ ಆರೂವರೆಗೆ ಎಲ್ಲಿದ್ದರೂ ಓಡಿ ಬರಬೇಕು. ರೋಜಾ ಹಿಡಿಯಬಾರದು ಅಂತ ಡಾಕ್ಟರ್ ಹೇಳಿದ್ದಕ್ಕೆ ಸಾಬರು ಮೊದಲ ದಿನ ಮಗುವಿನ ಹಾಗೆ ಅತ್ತರು. ಹಿಡಿಯದಿದ್ದರೂ ಬಿಡುವ ಹೊತ್ತಿಗೆ ಎಲ್ಲರ ಜೊತೆ ತಾವೂ ಬಾಯಿ ತೆರೆಯಬೇಕು. ಅದಿಷ್ಟು ಬೇಕಂತೆ. ಮಸೀದಿಯ ಬಾಂಗ್ ಕೇಳಿದ ಕೂಡಲೇ ನಾಲ್ಕು ಚಮಚ ಶರಬತ್ತು. ಅದೂ ನನ್ನ ಕೈಯಿಂದ. ರಿಹಾನಕ್ಕ ಆತುರದವಳು, ಚಮಚ ಹಲ್ಲಿಗೆ ಹೊಡೆಸುತ್ತಾಳೆ. ನಾನು ಎಡಗಡೆ ದವಡೆಗೆ ಬಿಟ್ಟು, ಗಂಟಲು ಆಡುವುದನ್ನು ನೋಡಿ ಮುಂದಿನ ಚಮಚ ಕೊಡುತ್ತೇನೆ.

ಇವತ್ತು ಲೋಟವನ್ನೇ ನೋಡುತ್ತಿದ್ದರು. ಆಮೇಲೆ ಬಹಳ ಕಷ್ಟಪಟ್ಟು ಅಂದರು. "ಬಣ್ಣ... ಚೆನ್ನಾಗಿದೆ."

ಐದು ವರ್ಷದಲ್ಲಿ ಈ ಮನುಷ್ಯ ನನ್ನ ಕೆಲಸ ಚೆನ್ನಾಗಿದೆ ಅಂದಿದ್ದು ಇವತ್ತೇ.

ಮಸೀದಿಗೆ ದಿನಾ ಎರಡು ಕೊಡ ಹೋಗುತ್ತಿದೆ. ಸಾಬರ ಹರಕೆ ಅದು, ಬಿಟ್ಟಿ. ಹುಡುಗರು ನಾಲಿಗೆ ಕೆಂಪು ಮಾಡಿಕೊಂಡು ಒಬ್ಬರಿಗೊಬ್ಬರು ತೋರಿಸುತ್ತಾರೆ.

೧೧ ಮಾರ್ಚ್, ಮಂಗಳವಾರ

ಮಧ್ಯಾಹ್ನ ಹೆಗ್ಗೋಡಿನ ಶ್ರೀಕಾಂತ ಭಟ್ಟರು ಬಂದರು. ಪ್ರತಿ ಬೇಸಿಗೆಗೆ ಎರಡು ಬಾಟಲಿ ಒಯ್ಯುವವರು. ಬಾಟಲಿ ಎತ್ತಿ ಬಿಸಿಲಿಗೆ ಹಿಡಿದು, "ಇದ್ರಲ್ಲಿ ಕೆಮಿಕಲ್ ಎಂತೂ ಇಲ್ಲೆ ಅಲ್ದಾ?" ಅಂದರು.

"ಒಂಚೂರೂ ಇಲ್ಲ ಭಟ್ರೆ. ಹುಳದಿಂದ ತೆಗ್ದಿರೋ ಬಣ್ಣ. ಒರಿಜಿನಲ್ಲು."

ಭಟ್ಟರು ಬಾಟಲಿಯನ್ನು ಹಾವು ಹಿಡಿದವರ ಹಾಗೆ ಮೆಲ್ಲಗೆ ಕೆಳಗಿಟ್ಟರು. "ಎಂಗೊ ಹುಳ ಗಿಳ ತಿಂಬವಲ್ಲ ಮಾರಾಯ" ಅಂದವರು ಪಂಚೆಗೆ ಕೈ ಒರೆಸಿಕೊಳ್ಳುತ್ತಾ ಹೋದರು. ನನಗೆ ನಗು ಬಂತು. ತಿರುಗಿದರೆ ಒಳಬಾಗಿಲಲ್ಲಿ ರಿಹಾನಕ್ಕ.

"ಏನಂದೆ ಅವ್ರಿಗೆ?"

"ಹುಳದ ಬಣ್ಣ ಅಂದೆ. ಬಿಡಿ ಅಕ್ಕ, ಅವ್ರು ಮೊಟ್ಟೆನೂ ಮುಟ್ಟಲ್ಲ. ನಿಮಗೇನು, ಕುರಿ ಕೋಳಿ ತಿನ್ನೋರು."

"ಹುಳ ನಮಗೂ ಆಗಲ್ಲ ಕಣೋ."

ತಮಾಷೆ ಅಂದುಕೊಂಡೆ. ಅವಳ ಮುಖ ನೋಡಿದೆ. ತಮಾಷೆ ಅಲ್ಲ.

"ಜೇನು ತಿಂತೀರಲ್ಲ, ಅದು ಹುಳದ್ದಲ್ವಾ?"

"ಹುಳ ಕೊಡೋದು ಬೇರೆ, ಹುಳಾನೇ ಅರೆದು ಹಾಕೋದು ಬೇರೆ."

"ಸಿಗಡಿ?"

"ಸಿಗಡಿಗೇ ನಮ್ಮಲ್ಲಿ ಜಗಳ ಇದೆ. ಅದನ್ನ ಬಿಡು. ಈ ಬಣ್ಣ ಯಾವತ್ತಿಂದ ಹಾಕ್ತಿದೀಯಾ?"

"ಮೊದಲ್ನೇ ರೋಜಾದ ಮಾರನೇ ದಿನದಿಂದ."

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬೆರಳು ಮಡಚಿ ಲೆಕ್ಕ ಹಾಕಿದಳು. ಮಸೀದಿಯಲ್ಲಿ ದಿನಾ ಇನ್ನೂರು ಜನ. ಮನೆಮನೆಗೆ ಹೋದ ಬಾಟಲಿ ಬೇರೆ. ಕೊನೆಗೆ, "ಅಬ್ಬಾನಿಗೆ ದಿನಾ ನಾಲ್ಕು ಚಮಚ" ಅಂದಳು.

ನಾನು ಕೂಗಾಡಿದೆ. ನಿಮ್ಮ ಕಾನೂನು ನನಗೆ ಹೇಗೆ ಗೊತ್ತಿರಬೇಕು, ಐದು ವರ್ಷದಲ್ಲಿ ಯಾರಾದರೂ ಹುಳ ಆಗಲ್ಲ ಅಂತ ಹೇಳಿದ್ದೀರಾ, ಹಂದಿ ಸರಾಯಿ ಅಂತಷ್ಟೇ ಅಂದಿರಿ ಅಂತ. ಅವಳು ಬೀಟ್‌ರೂಟ್ ತುರಿಯಲು ಕೂತಳು.

ಸಂಜೆ ಸಕ್ಕರೆ ಪಾಕಕ್ಕೆ ಬೀಟ್‌ರೂಟ್ ರಸ ಹಿಂಡಿ ಸಾಬರಿಗೆ ಕೊಟ್ಟೆ. ಮೊದಲ ಚಮಚಕ್ಕೇ ಹುಬ್ಬು ಗಂಟು ಹಾಕಿದರು.

"ಬೇರೆ."

"ಕಾಮಕಸ್ತೂರಿ ಬೀಜ ಜಾಸ್ತಿ ಬಿತ್ತು ಸಾಬ್ರೆ."

ಸುಳ್ಳನ್ನೂ ಚಮಚದಲ್ಲೇ ಕುಡಿಸಿದೆ.

೧೨ ಮಾರ್ಚ್

ರಿಹಾನಕ್ಕ ಫೋನಿನಲ್ಲಿ ಹುಡುಕಿದಳು. ಒಬ್ಬ ಆಗಲ್ಲ ಅಂತಾನೆ. ಇನ್ನೊಬ್ಬ ಆಗಬಹುದು ಅಂತಾನೆ. ಮತ್ತೊಬ್ಬ ಅನುಮಾನ ಇದ್ದರೆ ಬಿಡಿ ಅಂತಾನೆ. ಫೋನು ಒಡೆದು ಹಾಕುವಷ್ಟು ಸಿಟ್ಟು ಬಂತು. ಮಸೀದಿಗೆ ನಿಂಬೆ ಶರಬತ್ತು ಕಳಿಸಿದೆ. ಕೆಂಪು ಎಲ್ಲಿ ಅಂತ ಹುಡುಗರು ಕೇಳಿದರಂತೆ.

೧೩ ಮಾರ್ಚ್, ಗುರುವಾರ

ಮಸೀದಿಯಲ್ಲಿ ನಮಾಜು ಮಾಡಿಸುವ ಹಜರತ್ತರ ಹತ್ತಿರ ಹೋದೆ. ಕೂತ್ಕೋ ಅಂದರು. ನಾನು ಕೂರಲಿಲ್ಲ. ಎಲ್ಲಾ ಹೇಳಿ, ಡಬ್ಬಿ ಅವರ ಮುಂದಿಟ್ಟೆ.

"ಇದು ಆಗುತ್ತೋ ಆಗಲ್ವೋ, ಒಂದೇ ಮಾತಲ್ಲಿ ಹೇಳಿ."

"ಒಂದೇ ಮಾತಲ್ಲಿ ಹೇಳೋಕೆ ನಾನೇನು ನಿನ್ನ ಏಜೆಂಟಾ?" ಅಂದರು. ಆಮೇಲೆ ನಿಧಾನವಾಗಿ ಹೇಳಿದರು. ಅವರ ಪಂಗಡದ ದಾರಿಯಲ್ಲಿ ಮಿಡತೆ ಒಂದು ಬಿಟ್ಟರೆ ಯಾವ ಹುಳವೂ ತಿನ್ನಲು ಆಗುವುದಿಲ್ಲ. ಬೇಯಿಸಿ, ಸೋಸಿ, ಪುಡಿ ಮಾಡಿದ ಮೇಲೆ ಅದು ಹುಳವಾಗಿ ಉಳಿಯುವುದಿಲ್ಲ, ಬೇರೆಯೇ ವಸ್ತು ಆಗುತ್ತದೆ, ಹಾಗಾಗಿ ನಡೆಯುತ್ತದೆ ಅನ್ನುವ ವಿದ್ವಾಂಸರೂ ಇದ್ದಾರೆ. ಬಹಳ ಜನ ಒಪ್ಪುವುದಿಲ್ಲ. "ನನ್ನ ಕೇಳಿದ್ರೆ ನಾನು ಕುಡಿಯಲ್ಲ. ಕುಡೀರಿ ಅಂತ ಯಾರಿಗೂ ಹೇಳಲ್ಲ."

"ಕುಡಿದಾಗಿದ್ಯಲ್ಲ. ಅದಕ್ಕೇನು ಮಾಡ್ತೀರಿ?"

"ಗೊತ್ತಿಲ್ದೆ ಕುಡಿದೋರ ಮೇಲೆ ಪಾಪ ಇಲ್ಲ. ಅವರ ರೋಜಾಕ್ಕೂ ಏನೂ ಆಗಿಲ್ಲ. ಗೊತ್ತಾದ ಮೇಲೆ ಬಿಡ್ಬೇಕು."

"ಹಂಗಾದ್ರೆ ಹೇಳೋದೇ ಬೇಡ. ಗೊತ್ತಾಗೋದೇ ಬೇಡ. ಮುಗೀತಲ್ಲ."

"ಅವ್ರಿಗೆ ಗೊತ್ತಿಲ್ಲ. ನಿನಗೆ ಗೊತ್ತಲ್ಲಪ್ಪ."

"ಅಂದ್ರೆ ಪಾಪ ನಂಗಾ?"

"ನೀನು ನಮ್ಮವನಲ್ಲ. ಈ ನಿಯಮ ನಿನಗಿಲ್ಲ."

ಸಮಾಧಾನಕ್ಕೆ ಅಂದಿದ್ದು ಇರಬೇಕು. ನನಗೆ ಮೈಯೆಲ್ಲಾ ಉರಿಯಿತು. ಪಾತ್ರೆ ಕುದಿಸಿದ್ದು ನಾನು, ಕದಡಿದ್ದು ನಾನು, ಆ ಮನುಷ್ಯನ ಬಾಯಿಗೆ ಬಿಟ್ಟಿದ್ದು ನಾನು. ಪಾಪದ ಪಾಲು ಹಂಚುವಾಗ ನಾನು ಹೊರಗಿನವನಾ?

ನಾಳೆ ಶುಕ್ರವಾರದ ಜುಮ್ಮಾ ನಮಾಜಿನಲ್ಲಿ ಶರಬತ್ತು ಈ ಸಲ ಸರಿಯಾಗಿಲ್ಲ, ಕುಡಿಯಬೇಡಿ, ಅಂಗಡಿಗೆ ವಾಪಸ್ ಕೊಡಿ ಅಂತಷ್ಟೇ ಹೇಳುತ್ತಾರಂತೆ. ಯಾಕೆ ಅನ್ನುವುದನ್ನು ಮುಂದಿನ ಶುಕ್ರವಾರ. "ಅಷ್ಟರೊಳಗೆ ಹಯಾತ್ ಸಾಬ್ರಿಗೆ ತಿಳೀಬೇಕು. ಬೇರೆಯವರ ಬಾಯಿಂದ ಬೇಡ" ಅಂದರು.

ಹೇಳಿದರೆ ಅವರು ಉಳಿಯುತ್ತಾರಾ? ಇನ್ನೊಂದು ಸಲ ಹೊಡೆದರೆ ಕಷ್ಟ ಅಂತ ಡಾಕ್ಟರ್ ಹೇಳಿದ್ದಾನೆ. ಹೇಳದಿದ್ದರೆ ಆ ಬಾಯಿಗೆ ನಾನು ಹೇಗೆ ಚಮಚ ಹಿಡಿಯಲಿ?

೧೫ ಮಾರ್ಚ್, ಶನಿವಾರ

ತೀರ್ಥಹಳ್ಳಿಯಿಂದ ಅರವತ್ತೆರಡು ಬಾಟಲಿ ವಾಪಸ್ ತಂದೆ. ಏನಾಗಿದೆ ಅಂತ ಪ್ರತಿ ಅಂಗಡಿಯಲ್ಲೂ ಕೇಳಿದರು. ಹುಳಿ ಬಂದಿದೆ ಅಂದೆ. ಒಬ್ಬ ನನ್ನೆದುರೇ ಒಂದು ಬಾಟಲಿ ಬಿಚ್ಚಿ ಕುಡಿದು ನೋಡಿ, "ಎಲ್ಲಿ ಹುಳಿ? ಸಕ್ಕರೆ ಹಂಗಿದೆ" ಅಂದ. ಅವನು ಯಾವ ಜಾತಿಯೋ ನನಗೆ ಗೊತ್ತಿಲ್ಲ. ಕೇಳಲೂ ಹೆದರಿಕೆ. ಕೈಯಿಂದ ಬಾಟಲಿ ಕಿತ್ತುಕೊಂಡೆ. ಹುಚ್ಚ ಅಂದುಕೊಂಡಿರಬೇಕು.

ಅಂಗಡಿ ಹಿಂದಿನ ಚರಂಡಿಗೆ ಎಲ್ಲವನ್ನೂ ಸುರಿದೆ. ಚರಂಡಿ ಕೆಂಪಗೆ ಹರಿಯಿತು. ಬೀದಿಯ ತುದಿಯಲ್ಲಿ ಒಬ್ಬಳು ಹೆಂಗಸು ಯಾರನ್ನೋ ಕಡಿದಿದ್ದಾರೆ ಅಂತ ಕೂಗಿದಳು. ಮೂರು ಮನೆಯ ಜನ ಹೊರಗೆ ಬಂದರು. ಬಕೆಟ್ ಬಕೆಟ್ ನೀರು ಹೊಯ್ದೆ. ಎಷ್ಟು ಹೊಯ್ದರೂ ಕಲ್ಲಿನ ಸಂದಿಯಲ್ಲಿ ಗುಲಾಬಿ ಬಣ್ಣ ಉಳಿಯಿತು.

ಬೆಳಗ್ಗೆಯಿಂದ ಏನೂ ತಿಂದಿಲ್ಲ ಅನ್ನುವುದು ಸಾಬರಿಗೆ ಚಮಚ ಕೊಡುವಾಗ ನೆನಪಾಯಿತು. ನಿನ್ನೆಯೂ ತಿಂದಿರಲಿಲ್ಲ ಅನಿಸುತ್ತದೆ.

೧೭ ಮಾರ್ಚ್, ಸೋಮವಾರ

ಹೊಸನಗರದ್ದನ್ನು ತರಲು ಹೋದವನು ಊರಿಗೂ ಹೋದೆ. ಅಮ್ಮ ಬಿಸಿ ಅನ್ನ ಹಾಕಿ ಮುಂದೆ ಕೂತಳು. ಅವಳ ಹತ್ತಿರ ಸುಳ್ಳು ನಡೆಯುವುದಿಲ್ಲ. ಹೇಳಿದೆ. ಹುಳ ತಾನೇ ಅಂತಾಳೆ, ನಕ್ಕು ಬಿಡುತ್ತಾಳೆ ಅಂದುಕೊಂಡಿದ್ದೆ.

"ಅವ್ರ ಬಾಯಿಗೆ ಆಗ್ದಿದ್ದನ್ನ ನೀ ಹಾಕಿದ್ಯಾ?"

"ಗೊತ್ತಿರ್ಲಿಲ್ಲಮ್ಮ. ನಾವು ಚಗಳಿ ತಿನ್ನಲ್ವಾ?"

"ನಾವು ತಿಂತೀವಿ ಅಂತ ಊರಿಗೆಲ್ಲಾ ತಿನ್ಸಕ್ಕೆ ಆಗ್ತದಾ? ನಿನ್ನಜ್ಜಿ ಶನಿವಾರ ಮೀನಿನ ನೀರು ಬಿದ್ದ ನೆಲನೂ ತುಳೀತಿರ್ಲಿಲ್ಲ. ಯಾರಾದ್ರೂ ತಿನ್ಸಿದ್ರೆ ನೀ ಸುಮ್ನಿರ್ತಿದ್ಯಾ?"

ತಟ್ಟೆ ತಳ್ಳಿ ಎದ್ದುಬಂದೆ.

ಅಲ್ಲಿಗೇ ಸುಮ್ಮನಿದ್ದರೆ ಸರಿ ಇತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಗಣೇಶ್ ಸಿಕ್ಕ. ಶಾಲೆಯಲ್ಲಿ ನನ್ನ ಬೆಂಚಿನವನು. ಮುಖ ಯಾಕೆ ಹಂಗಿದೆ ಅಂದ. ಒಳಗೇ ಹೊತ್ತು ಸಾಕಾಗಿತ್ತು, ಬಾಯಿ ಬಿಟ್ಟೆ. ಅವನು ಕಣ್ಣರಳಿಸಿ ಕೇಳಿದ. ಆಮೇಲೆ ನನ್ನ ಬೆನ್ನಿಗೆ ಹೊಡೆದ.

"ಅಂದ್ರೆ ಎಂಟು ದಿನ ಸಾಬ್ರಿಗೆ ಹುಳ ಕುಡಿಸಿದ್ಯಾ? ಭಲೇ ಮಗನೇ. ಬಾ, ಟೀ ನಂದು."

"ಬೇಕಂತ ಅಲ್ವೋ."

"ಬೇಕಂತನೇ ಅಂತ ಹೇಳು, ಏನೀಗ. ಇಲ್ಲಿ ನೋಡ್ಕೊಂಡು ಇನ್ನೊಂದ್ಸಲ ಹೇಳು." ಫೋನು ನನ್ನ ಮುಖಕ್ಕೆ ಹಿಡಿದ.

ಕೈಗೆ ಹೊಡೆದೆ. ಫೋನು ಟಾರು ರೋಡಿನ ಮೇಲೆ ಬಿತ್ತು. ಗಾಜು ಬಿರುಕು ಬಿಟ್ಟಿತು. ಎತ್ತಿಕೊಂಡು, ಅಂಗಿಗೆ ಒರೆಸಿ, "ಯಾರ ಕಡೆಯವನೋ ನೀನು?" ಅಂದ. "ಗ್ರೂಪಿಗೆ ಹಾಕ್ತೀನಿ, ನೋಡ್ತಿರು."

ಬಾಟಲಿ ತಗೊಂಡು ಸಾಗರಕ್ಕೆ ಬಂದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಗಳಿದನಲ್ಲ.

೧೯ ಮಾರ್ಚ್, ಬುಧವಾರ

ಹಾಕಿದ್ದಾನೆ. ನಮ್ಮ ಬಾಟಲಿಯ ಫೋಟೋ, ಕೆಳಗೆ 'ಸಾಬರ ಶರಬತ್ತಿಗೆ ಹುಳ, ಸಾಗರದಲ್ಲಿ ನಮ್ಮ ಹುಡುಗನ ಕೆಲಸ', ನಗುವ ಮುಖಗಳು ಒಂದು ಸಾಲು. ನನ್ನ ಹೆಸರಿಲ್ಲ. ಬೇಕಾಗಿಯೂ ಇಲ್ಲ, ಆ ಅಂಗಡಿಯಲ್ಲಿ ನಮ್ಮ ಹುಡುಗ ಅಂದರೆ ನಾನೊಬ್ಬನೇ.

ಸಂಜೆ ಟೈರ್ ಅಂಗಡಿಯ ಮುನೀರ್ ಬಂದು ಫೋನು ತೋರಿಸಿದ. "ಇದೇನಿದು ಸುನಿಲ?"

ನಾನು ಏನಾದರೂ ಅನ್ನುವ ಮೊದಲೇ ರಿಹಾನಕ್ಕ ಒಳಗಿನಿಂದ ಬಂದು ಯಾರೋ ಆಗದವರು ಹಾಕಿದ್ದಾರೆ ಅಂತ ಕಳಿಸಿದಳು. ಅವನು ಹೋದ ಮೇಲೆ ಪಿಸುಮಾತಿನಲ್ಲಿ ಅಂದಳು. "ಏಜೆಂಟ್ ಮೋಸ ಮಾಡ್ದ, ಬೀಟ್‌ರೂಟ್ ಪುಡಿ ಅಂತ ಕೊಟ್ಟ ಅಂತ ಹೇಳೋಣ. ಯಾರೂ ಏನೂ ಅನ್ನಲ್ಲ. ನಿನ್ನ ಜೀವ ಉಳೀಬೇಕು ಕಣೋ."

ಒಳ್ಳೆಯ ಸುಳ್ಳು. ಶಿವಮೂರ್ತಿ ಒಳ್ಳೆಯವನೇನೂ ಅಲ್ಲ. ಆದರೆ ಈ ಒಂದು ವಿಷಯದಲ್ಲಿ ಆ ಕಳ್ಳ ನಿಜ ಹೇಳಿದ್ದ.

ಓಡಿಹೋಗೋಣ ಅನಿಸಿತು. ಬಟ್ಟೆ ಚೀಲಕ್ಕೆ ತುಂಬಿದೆ. ಆಗ ಆರೂವರೆ ಆಯಿತು. ಚಮಚ ಕೊಡುವವರು ಯಾರು ಅಂತ ಚೀಲ ಇಟ್ಟು ಹೋದೆ.

೨೦ ಮಾರ್ಚ್, ಗುರುವಾರ

ಹೇಳಿದೆ.

ಬರೀ ನೀರು ಒಯ್ದಿದ್ದೆ. ಲೋಟ ನೋಡಿ, ಎಡಗೈ ಎತ್ತಿ, "ಬಣ್ಣ?" ಅಂದರು. ಮಂಚದ ಪಕ್ಕ ನೆಲದ ಮೇಲೆ ಕೂತು ಹೇಳಿದೆ. ಡಬ್ಬಿ, ಏಜೆಂಟ್, ಹುಳ, ಮಸೀದಿ, ಗಣೇಶ್, ಬೀಟ್‌ರೂಟ್, ಒಂದೂ ಬಿಡಲಿಲ್ಲ. "ಹುಳ ಅಂತ ಗೊತ್ತಿತ್ತು ಸಾಬ್ರೆ. ಆಗಲ್ಲ ಅಂತ ಗೊತ್ತಿರ್ಲಿಲ್ಲ."

ಅವರ ಒಳ್ಳೆಯ ಕಣ್ಣು ನನ್ನ ಮೇಲೇ ಇತ್ತು. ಹೊಡೆಯಲಿ ಅಂತ ಹತ್ತಿರ ಸರಿದೆ. ಹೊಡೆಯಲಿಲ್ಲ. ಬಾಂಗ್ ಆಯಿತು. ಚಮಚ ಎತ್ತಿದೆ. ತುಟಿ ಬಿಗಿಹಿಡಿದು ಮುಖ ಗೋಡೆಗೆ ತಿರುಗಿಸಿದರು. ನೀರು ದಿಂಬಿನ ಮೇಲೆ ಹೋಯಿತು.

ರಿಹಾನಕ್ಕ ಚಮಚ ಇಸಿದುಕೊಂಡಳು. ಅವಳ ಕೈಯಿಂದ ಕುಡಿದರು.

೨೧ ಮಾರ್ಚ್, ಶುಕ್ರವಾರ

ಜುಮ್ಮಾ ಮುಗಿಯುವ ತನಕ ಮಸೀದಿಯ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದೆ. ಹೆಸರು ಹೇಳುವುದಿಲ್ಲ ಅಂತ ಹಜರತ್ತರು ಮಾತು ಕೊಟ್ಟಿದ್ದರು. ಮೈಕಿನಲ್ಲಿ ಕೇಳಿಸಿತು, ಹಯಾತ್ ಸಾಬರ ಅಂಗಡಿಯ ಶರಬತ್ತಿಗೆ ಹುಳದ ಬಣ್ಣ ಬಿದ್ದಿತ್ತು, ತಿಳಿಯದೆ ಕುಡಿದವರ ಮೇಲೆ ಏನೂ ಇಲ್ಲ, ಅಂಗಡಿಯವರು ತಾವಾಗಿ ಬಂದು ಹೇಳಿದ್ದಾರೆ ಅಂತ.

ಜನ ಚಪ್ಪಲಿ ಮೆಟ್ಟಿಕೊಂಡು ಹೊರಬರುತ್ತಾ ನನ್ನನ್ನು ನೋಡಿ ನಿಂತರು. ಮುನೀರ್ ಮುಂದೆ ಬಂದ. ಆಗ ನಾನೇ ಬಾಯಿ ತೆಗೆದೆ.

"ತಾನಾಗಿ ಬಿದ್ದಿದ್ದಲ್ಲ. ನಾನು ಹಾಕಿದ್ದು. ಹುಳ ಅಂತ ಗೊತ್ತಿತ್ತು. ನಿಮಗೆ ಆಗಲ್ಲ ಅಂತ ಗೊತ್ತಿರ್ಲಿಲ್ಲ. ಫೋನಲ್ಲಿ ಬಂದಿರೋದು ಸುಳ್ಳು, ಬೇಕಂತ ಹಾಕಿದ್ದಲ್ಲ."

ಮುನೀರ್ ಕಾಲರ್ ಹಿಡಿದ. "ಹುಳ ಅಂತ ಗೊತ್ತಿದ್ದೂ ಕುಡಿಯೋ ನೀರಿಗೆ ಹಾಕ್ತಾರೇನೋ ಯಾರಾದ್ರೂ?"

"ನಮ್ಮನೇಲಿ ತಿಂತೀವಿ. ಚಗಳಿ ಚಟ್ನಿ."

ಯಾರೋ ಹಿಂದಿನಿಂದ ನಕ್ಕರು. ಕೋಲು ಹಿಡಿದ ಒಬ್ಬ ಮುದುಕರು ಮುಂದೆ ಬಂದು, "ಹೌದು ಕಣೋ ಮುನೀರ, ಘಟ್ಟದ ಜನ ತಿಂತಾರೆ. ನಾನು ಮೇಗರವಳ್ಳೀಲಿ ಮರದ ಕೆಲ್ಸಕ್ಕಿದ್ದಾಗ ನೋಡಿದೀನಿ. ಹುಳಿ ಇರ್ತದಂತೆ, ಹೌದೇನೋ ಹುಡ್ಗ?" ಅಂದರು.

"ಹೌದಜ್ಜ. ಹುಳಿ."

ಮುನೀರ್ ಕಾಲರ್ ಬಿಟ್ಟ. ಬಿಟ್ಟವನು ನೆಲಕ್ಕೆ ಉಗಿದ. "ಇನ್ನು ಆ ಅಂಗಡಿ ನೀರೂ ಮುಟ್ಟಲ್ಲ" ಅಂದ. ಒಬ್ಬೊಬ್ಬರೇ ನನ್ನ ಪಕ್ಕದಿಂದ ದಾಟಿ ಹೋದರು. ನನ್ನ ಕೈಯಿಂದ ಎಂಟು ದಿನ ಲೋಟ ಇಸಿದುಕೊಂಡ ಹುಡುಗರನ್ನು ಅಪ್ಪಂದಿರು ಆ ಕಡೆ ಎಳೆದುಕೊಂಡರು.

ಹೊಡೆದಿದ್ದರೆ ಹಗುರ ಆಗುತ್ತಿತ್ತು.

೨೪ ಮಾರ್ಚ್

ಅಂಗಡಿಗೆ ಯಾರೂ ಇಲ್ಲ. ಗಣೇಶನ ಕಡೆಯವರು ಇಬ್ಬರು ಫೋನ್ ಮಾಡಿ, ಹೆದರಬೇಡ, ನಾವಿದ್ದೇವೆ ಅಂದರು. ಅವರಿಗೆ ಹೇಳಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಸಾಬರು ನಾಲ್ಕು ದಿನದಿಂದ ನನ್ನ ಕೈಯ ನೀರು ಮುಟ್ಟಿಲ್ಲ. ಬಾಗಿಲಲ್ಲಿ ನಿಂತರೆ ಕಣ್ಣು ಮುಚ್ಚುತ್ತಾರೆ.

೨೬ ಮಾರ್ಚ್

ಸಾಬರು ಇವತ್ತೂ ಮುಟ್ಟಲಿಲ್ಲ.

೨೯ ಮಾರ್ಚ್, ಶನಿವಾರ

ಮಧ್ಯಾಹ್ನ ಪಾತ್ರೆ ಉಜ್ಜಿ ಕವುಚಿ ಹಾಕಿದೆ. ಕೆಲಸ ಬಿಟ್ಟು ಊರಿಗೆ ಹೋಗುವುದು ಅಂತ ತೀರ್ಮಾನಿಸಿದ್ದೆ, ಹೊಸನಗರದ ಬಸ್ಸು ಐದಕ್ಕೆ. ಒಂದು ಮಾತು ಹೇಳಿ ಹೋಗೋಣ ಅಂತ ಬಾಗಿಲಿಗೆ ಹೋದರೆ ಸಾಬರು ಕಣ್ಣು ಮುಚ್ಚಲಿಲ್ಲ. ಎಡಗೈ ಬೆರಳು ಮಡಚಿ ಕರೆದರು.

"ಡಬ್ಬಿ... ತಾ."

"ಯಾವ ಡಬ್ಬಿ ಸಾಬ್ರೆ?"

"ಎಲ್ಲಾ."

ಅಂಗಡಿಯಲ್ಲಿದ್ದ ಡಬ್ಬಿ, ಪೊಟ್ಟಣ, ಸೀಸೆ ಎಲ್ಲವನ್ನೂ ಮಂಕರಿಯಲ್ಲಿ ತುಂಬಿ ತಂದು ಮಂಚದ ಕೆಳಗೆ ಸಾಲಾಗಿ ಇಟ್ಟೆ. ಗುಲಾಬಿ ಎಸೆನ್ಸ್, ನಿಂಬೆ ಉಪ್ಪು, ಏಲಕ್ಕಿ ಎಣ್ಣೆ, ಅಡುಗೆ ಸೋಡಾ, ಇಪ್ಪತ್ತಾರು ಇದ್ದವು. ಕೊಟ್ಟುಬಿಡಲೋ ಎಸೆಯಲೋ ಅಂತ ಅವರ ಮುಖ ನೋಡಿದೆ.

"ಓದು."

ಬೆವರು ಬಂತು. ಡಬ್ಬಿಯ ಹಿಂದೆ ಇರುವುದು ಇರುವೆ ಕಾಲಿನಷ್ಟು ಸಣ್ಣ ಇಂಗ್ಲಿಷ್. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಓದು ಅಂದಾಗ ಓದಲು ಬಾರದೆ ಚೀಲ ಎತ್ತಿಕೊಂಡು ಬಂದವನು ನಾನು. ಮತ್ತೆ ಆ ಅಕ್ಷರದ ತಂಟೆಗೆ ಹೋಗಿಲ್ಲ.

"ನಂಗೆ ಬರಲ್ಲ ಸಾಬ್ರೆ."

"ನಾನು ಓದ್ತೀನಿ ಅಬ್ಬಾ" ಅಂತ ರಿಹಾನಕ್ಕ ಕೈ ಚಾಚಿದಳು. ಸಾಬರು ಎಡಗೈಯಿಂದ ಅವಳ ಕೈ ಸರಿಸಿದರು.

"ಅವ್ನು."

ರಿಹಾನಕ್ಕ ನನ್ನ ಕಡೆ ನೋಡಿದಳು. "ಅಬ್ಬಾ ಓದಿದ್ದು ನಾಲ್ಕನೇ ಕ್ಲಾಸು ಕಣೋ. ಇಂಗ್ಲಿಷ್ ಕಲ್ತಿದ್ದು ಡಬ್ಬಿ ಮೇಲೇನೇ. ಒಂದೊಂದೇ ಅಕ್ಷರ ಕೂಡಿಸಿ, ಗೊತ್ತಾಗದಿದ್ದರೆ ಪೋಸ್ಟ್ ಮಾಸ್ಟರ್ ಹತ್ರ ಒಯ್ದು ಕೇಳ್ತಿದ್ರು."

ಮೊದಲ ಡಬ್ಬಿ ಎತ್ತಿದೆ. ಎಸ್. ಯು. ಜಿ. ಎ. ಆರ್. ಸಕ್ಕರೆ. ಮುಂದೆ. ಡಬ್ಲ್ಯು. ಎ. ಟಿ. ಇ. ಆರ್. ತಪ್ಪಿದರೆ ಸಾಬರು ಲೊಚಗುಟ್ಟುತ್ತಿದ್ದರು, ಮತ್ತೆ ಮೊದಲಿನಿಂದ. ಒಂದು ಡಬ್ಬಿಗೆ ಕಾಲು ಗಂಟೆ. ಹೆಸರಿನ ಬದಲು ನಂಬರು ಬಂದ ಕಡೆ ರಿಹಾನಕ್ಕನ ಫೋನಿನಲ್ಲಿ ಅದು ಯಾವುದರಿಂದ ಮಾಡಿದ್ದು ಅಂತ ನೋಡಿ ಹೇಳಬೇಕು. ಗೊತ್ತಾಗದ್ದನ್ನು ಬೇರೆ ಇಡಬೇಕು. ಐದು ಗಂಟೆಯ ಬಸ್ಸು ಹೋಯಿತು. ಸಿಟ್ಟು ಬಂದು ಒಂದು ಸೀಸೆಯನ್ನು ಗೋಡೆಗೆ ಎಸೆಯಲು ಎತ್ತಿದೆ ಕೂಡ. ಎತ್ತಿದ ಕೈಯನ್ನು ಸಾಬರು ಸುಮ್ಮನೆ ನೋಡಿದರು. ಇಳಿಸಿ ಓದಿದೆ.

ಬಾಂಗ್ ಆದಾಗ ಇನ್ನೂ ಮೂರು ಉಳಿದಿದ್ದವು.

ರಿಹಾನಕ್ಕ ಖರ್ಜೂರ ಬಾಯಿಗೆ ಹಾಕಿಕೊಂಡು, ನೀರಿನ ಚಮಚ ಅಪ್ಪನ ತುಟಿಗೆ ಹಿಡಿದಳು. ತುಟಿ ತೆರೆಯಲಿಲ್ಲ.

"ಅಬ್ಬಾ, ಹೊತ್ತಾದ ಮೇಲೆ ತಡ ಮಾಡ್ಬಾರ್ದು ಅಂತ ನೀವೇ ಅಲ್ವಾ ಹೇಳ್ತಿದ್ದಿದ್ದು."

ಸಾಬರು ನನ್ನ ಕೈಯಲ್ಲಿದ್ದ ಪೊಟ್ಟಣದ ಕಡೆ ಗಲ್ಲ ಎತ್ತಿದರು. "ಮುಂದಿನ್ದು."

ಓದಿದೆ. ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು. ಹೊರಗೆ ಬೀದಿಯೆಲ್ಲ ಸದ್ದಡಗಿತ್ತು, ಎಲ್ಲರೂ ಕುಡಿಯುತ್ತಿದ್ದರು. ಈ ಮುದುಕ ನನಗೋಸ್ಕರ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದ. ಒಂದು ಮುಗಿಯಿತು. ಎರಡು. ಕೊನೆಯದು ಅಡುಗೆ ಸೋಡಾ. ಬರೀ ಎರಡು ಪದ, ಅದರಲ್ಲಿ ಎರಡನೆಯದು ರೈಲಿನಷ್ಟು ಉದ್ದ. ಮೂರು ಸಲ ತಪ್ಪಿದೆ. ನಾಲ್ಕನೇ ಸಲ ಕೂಡಿತು.

"ಇದ್ರಲ್ಲಿ ಹುಳ ಇಲ್ಲ ಸಾಬ್ರೆ. ಯಾವ ಪ್ರಾಣೀದೂ ಇಲ್ಲ" ಅಂದೆ.

ರಿಹಾನಕ್ಕನ ಕೈಯಲ್ಲಿದ್ದ ಚಮಚವನ್ನು ಅವರು ನೋಡಲಿಲ್ಲ. ನನ್ನನ್ನು ನೋಡಿದರು. ಆಮೇಲೆ, ಎಡಗಡೆಯಿಂದ, ಸ್ವಲ್ಪವೇ, ಬಾಯಿ ತೆರೆದರು.